ಇಳಿಜಾರಿನಲ್ಲಿ ಸಿಕ್ಕ ಒಂದು ಪರ್ಸೆಂಟ್

ಬಸ್ಸು ತಪ್ಪಿದ್ದರಿಂದ ಮಾಗಡಿಯಲ್ಲಿ ಕೆಂಪರಾಜನ ಎಲೆಕ್ಟ್ರಿಕ್ ಗೂಡ್ಸ್ ಆಟೋ ಹತ್ತಿದೆ. ಹಿಂದೆ ರೇಷ್ಮೆಗೂಡಿನ ಚೀಲಗಳ ನಡುವೆ ಅವನ ದೊಡ್ಡಮ್ಮ ಗೌರಮ್ಮ ಕೂತಿದ್ದರು. ಇವತ್ತಿನ ಹರಾಜಿಗೆ ರಾಮನಗರ ಸೇರದಿದ್ದರೆ ನಾಳೆಗೆ ಗೂಡುಗಳು ತೂಕ ಕಳೆದುಕೊಳ್ಳುತ್ತವೆ. ಕರೆಂಟು ಕೈಕೊಟ್ಟು ಬ್ಯಾಟರಿ ಅರ್ಧವೇ ತುಂಬಿತ್ತಂತೆ. ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಉಳಿದದ್ದು ಒಂಬತ್ತು ಪರ್ಸೆಂಟ್.

ಇಳಿಜಾರು ಬಂತು. ಕೆಂಪರಾಜ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿದ.

“ಒಸಿ ಉಳೀಲಿ ಸಾ. ಡೀಸೆಲ್ ಗಾಡೀಲೂ ಹಿಂಗೇ ಮಾಡ್ತಿದ್ದೆ.”

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ಅದೂ ಫಿಸಿಕ್ಸಿನಲ್ಲಿ. ಸುಮ್ಮನಿರಲಾಗಲಿಲ್ಲ.

“ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡು. ಇಳಿಜಾರಿನಲ್ಲಿ ಚಕ್ರವೇ ಮೋಟಾರು ತಿರುಗಿಸಿ ಕರೆಂಟ್ ಹುಟ್ಟಿಸುತ್ತೆ, ಸೈಕಲ್ ಡೈನಮೋ ಥರ.”

“ಓದ್ದೋರು ಏನ್ ಬೇಕಾದ್ರೂ ಯೋಳ್ತೀರ” ಎನ್ನುತ್ತಲೇ ಹಾಕಿದ. ಮೋಟಾರು ಗುಂಯ್ ಎಂದಿತು, ಗಾಡಿ ಜಗ್ಗಿದಂತೆ ನಿಧಾನವಾಯಿತು.

“ಅಲ್ಲಾಡಿಸ್ಬ್ಯಾಡ ಕಣ್ಲಾ, ಒಳಗೇ ಹುಳ ಒಡ್ದೋಯ್ತವೆ!” ಹಿಂದಿನಿಂದ ಗೌರಮ್ಮ ಗದರಿದರು.

ಇಳಿಜಾರು ಮುಗಿಯುವಾಗ ಪರದೆಯಲ್ಲಿ ಹತ್ತು ಎಂದಿತ್ತು. ಪರೀಕ್ಷೆಗೆ ಬರೆದಿದ್ದನ್ನು ಕಣ್ಣಾರೆ ಕಂಡದ್ದು ನಾನೂ ಆವತ್ತೇ. “ಒಂದ್ ಎಚ್ಚಾಯ್ತು ದೊಡ್ಡವ್ವ!” ಎಂದು ಕೆಂಪರಾಜ ಕೂಗಿದ.

ರಾಮನಗರದ ಹತ್ತಿರ ಕೊನೆಯ ಇಳಿಜಾರು. ಅಭ್ಯಾಸಬಲದಿಂದ ಅವನ ಕೈ ಮತ್ತೆ ನ್ಯೂಟ್ರಲ್ಲಿಗೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಗೌರಮ್ಮ ಕೂಗಿದರು: “ಗುಂಯ್ ಅನ್ನೋದು ನಿಂತೋಯ್ತಲ್ಲೋ, ಗೇರ್‌ಗಾಕ್ಲಾ!”

ಎರಡು ಪರ್ಸೆಂಟಿನಲ್ಲಿ ಮಾರುಕಟ್ಟೆಯ ಗೇಟು ದಾಟಿದೆವು. ಹರಾಜು ಇನ್ನೂ ಶುರುವಾಗಿರಲಿಲ್ಲ. ಗೌರಮ್ಮ ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗಿನ ಹುಳು ಒಡೆಯದೆ ಲೊಟಲೊಟ ಎಂದ ಮೇಲೆಯೇ ಅವರು ಕೆಳಗಿಳಿದದ್ದು.