ಎದುರು ಕೂತು ಉಣ್ಣುವುದು

ನನ್ನ ಗಂಡನ ನಾಲಿಗೆಯ ಒಂದು ಭಾಗವನ್ನು ವೈದ್ಯರು ಕತ್ತರಿಸಿ ತೆಗೆದ ಮೇಲೆ ನಮ್ಮ ಮನೆಯಲ್ಲಿ ಊಟ ಎನ್ನುವುದು ಕಷ್ಟದ ಕೆಲಸವಾಯಿತು. ಅದಕ್ಕೂ ಮೊದಲು ನಮ್ಮ ಸಂಸಾರದ ಸುಖವೆಲ್ಲ ಊಟದಲ್ಲೇ ಇತ್ತು ಎಂದರೂ ತಪ್ಪಿಲ್ಲ.

ನಾನು ಕಾರವಾರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಅವರು ಬಸ್ ಕಂಡಕ್ಟರ್ ಆಗಿದ್ದವರು. ಅವರ ಊರು ಅಂಕೋಲಾ ತಾಲೂಕಿನ ಅಗಸೂರು. ಅಲ್ಲಿನ ಗದ್ದೆಯನ್ನು ಅವರ ಅಣ್ಣ ನೋಡಿಕೊಳ್ಳುತ್ತಾರೆ. ನಮಗೆ ಒಬ್ಬಳೇ ಮಗಳು, ಕಾಲೇಜಿಗೆ ಹೋಗುತ್ತಾಳೆ. ನನ್ನ ಗಂಡನಿಗೆ ನಾಟಕವೆಂದರೆ ಹುಚ್ಚು. ಅಂಕೋಲೆಯ ಗೆಳೆಯರೆಲ್ಲ ಸೇರಿ ಕಟ್ಟಿಕೊಂಡ ತಂಡದಲ್ಲಿ ಖಳನ ಪಾತ್ರ ಯಾವಾಗಲೂ ಇವರದೇ. ಊರ ಸಾಹುಕಾರನಾಗಿ ಬಂದು, ಪಂಚೆಯ ಚುಂಗು ಸರಿಮಾಡಿಕೊಂಡು, ಕುರ್ಚಿಯ ಮೇಲೆ ನಿಧಾನವಾಗಿ ಕೂತು, ದನಿ ಏರಿಸದೆ ಒಂದೇ ಒಂದು ಮಾತು ಆಡಿದರೆ ಸಾಕು, ಮುಂದಿನ ಸಾಲಿನ ಮಕ್ಕಳು ತಾಯಂದಿರ ಮೈಗೆ ಒತ್ತಿಕೊಂಡು ಕೂರುತ್ತಿದ್ದರು.

ತಮ್ಮ ನಾಟಕವಿಲ್ಲದಾಗ ಬೇರೆಯವರ ನಾಟಕಕ್ಕೆ ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ಕನ್ನಡವೋ ಕೊಂಕಣಿಯೋ ಮರಾಠಿಯೋ, ಯಾವುದಾದರೂ ಆದೀತು. ರಂಗಮಂದಿರದಿಂದ ನೇರವಾಗಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ ಮೀನಿನ ಊಟಕ್ಕೆ ಹೇಳುತ್ತಿದ್ದೆವು. ಬಂಗಡೆಯ ಮುಳ್ಳು ಬಿಡಿಸುತ್ತ, ಅಷ್ಟು ಹೊತ್ತು ಎವೆಯಿಕ್ಕದೆ ನೋಡಿದ ನಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಆಡಿಕೊಳ್ಳುತ್ತಿದ್ದೆವು. ಮಗಳು ಆ ನಟರ ನಡಿಗೆಯನ್ನು ಕೂತಲ್ಲೇ ನಟಿಸಿ ತೋರಿಸುತ್ತಿದ್ದಳು. ಕೋಕಂ ಹುಳಿಯ ಸೋಲ್‌ಕಡಿ ಕುಡಿದು ಮುಗಿಸಿದ ಮೇಲೆ ಅವರು ಹೊರಗೆ ಬಂದು ಕವಳ ಹಾಕುತ್ತಿದ್ದರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಮ್ಮ ಕಡೆ ಅದನ್ನು ಯಾರೂ ಚಟ ಎಂದು ಕರೆಯುವುದಿಲ್ಲ.

ನಾಲಿಗೆಯ ಬದಿಯಲ್ಲಿ ಎದ್ದ ಹುಣ್ಣು ಮಳೆಗಾಲ ಮುಗಿದರೂ ಮಾಯಲಿಲ್ಲ. ಗೋವೆಯ ಆಸ್ಪತ್ರೆಯಲ್ಲಿ ಅದಕ್ಕೊಂದು ಹೆಸರು ಕೊಟ್ಟರು. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಜೀವ ಉಳಿಯಿತು. ಮನೆಗೆ ಕಳಿಸುವಾಗ ವೈದ್ಯರು ನನ್ನನ್ನು ಬೇರೆಯಾಗಿ ಕರೆದು, ತುತ್ತು ಶ್ವಾಸನಾಳಕ್ಕೆ ಜಾರದಂತೆ ಎಚ್ಚರವಾಗಿರಬೇಕು, ಉಣ್ಣುವಾಗ ನೋಡಿಕೊಳ್ಳುತ್ತಿರಿ ಎಂದರು. ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಮನೆಗೆ ಹೊತ್ತು ತಂದೆ.

ಅವರ ಮಾತು ಹೋಗಿರಲಿಲ್ಲ, ಕರಗಿತ್ತು. ನಾಲಿಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವ ತ, ದ, ನ, ಲ ಯಾವುದೂ ಸರಿಯಾಗಿ ಹೊರಡುತ್ತಿರಲಿಲ್ಲ. ತರಗತಿಯಲ್ಲಿ ದಂತ್ಯಾಕ್ಷರಗಳ ಪಾಠ ಬಂದಾಗ ನಾನು ಅವನ್ನು ಮಕ್ಕಳಿಂದಲೇ ಹೇಳಿಸಿ ಮುಂದೆ ಹೋಗುತ್ತಿದ್ದೆ. ಕಂಡಕ್ಟರ್ ಕೆಲಸ ಸಾಧ್ಯವಾಗದೆ ಡಿಪೋದ ಒಳಗಿನ ಕೆಲಸಕ್ಕೆ ಹಾಕಿದರು. ಅಲ್ಲಿ ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ.

ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಮಗಳು, "ಅಪ್ಪಾ, ಹೋಟ್ಲಿಗೆ ಹೋಗ್ವ ಅಲ್ಲಾ?" ಎಂದಳು. ಅವರು ತಲೆಯಾಡಿಸಿದರು. ಮೂವರೂ ನಮ್ಮ ಹಳೆಯ ಹೋಟೆಲಿಗೇ ಹೋದೆವು. ಅವರು ಗೋಡೆಗೆ ಮುಖ ಮಾಡಿ ಕೂರುವ ಜಾಗ ಆರಿಸಿಕೊಂಡರು. ಬಡಿಸುವವನು ಹೊಸಬ. ಅವರು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಎರಡನೆಯ ಸಲ ಕೇಳಿಸಿಕೊಂಡವನು ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, "ಅಕ್ಕಾ, ಇವ್ರಿಗೆ ಎಂತ ಕೊಡೂದು?" ಎಂದು ಕೇಳಿದ.

"ಅನ್ನ, ಸಾರು ಮೆತ್ತಗೆ ಕಲಸಿ ತನ್ನಿ. ಮೀನು ಬ್ಯಾಡ" ಎಂದೆ. ಅವರು ಕೇಳಿದ್ದು ಬಂಗಡೆಯನ್ನು ಎಂದು ನನಗೆ ಗೊತ್ತಿತ್ತು. ಮುಳ್ಳಿಗೆ ಹೆದರಿ ಹಾಗೆ ಹೇಳಿದೆ.

ಊಟ ಬಂತು. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಕೂತಿತ್ತು. ಇವರು ಒಂದೊಂದು ತುತ್ತಿಗೂ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಮುಚ್ಚಿ ನುಂಗುವುದನ್ನು ಆ ಮನೆಯ ಹೆಣ್ಣುಮಗು ಬಾಯಿ ತೆರೆದು ನೋಡುತ್ತಿತ್ತು. ಅದರ ತಾಯಿ ಮಗುವಿನ ಗಲ್ಲ ಹಿಡಿದು ಮುಖವನ್ನು ಆಚೆ ತಿರುಗಿಸಿದಳು. ಅದೇ ಹೊತ್ತಿಗೆ ಅವರ ತುಟಿಯ ಮೂಲೆಯಿಂದ ಸಾರು ಇಳಿಯಿತು. ನಾನು ಕರವಸ್ತ್ರ ಹಿಡಿದು ಕೈ ಚಾಚಿದೆ. ಅವರು ನನ್ನ ಕೈಯನ್ನು ಸರಿಸಿ, ಎದ್ದು, ಕೈ ತೊಳೆದು ಹೊರಗೆ ನಡೆದರು. ನಾವು ಹುಡುಕಿಕೊಂಡು ಹೋದಾಗ ಬಸ್ ನಿಲ್ದಾಣದಲ್ಲಿ, ಕೈಗಾ ಕಡೆಯ ಬಸ್ಸಿಗೆ ಕಾಯುವವರ ನಡುವೆ ಕೂತಿದ್ದರು.

ಅಂದಿನಿಂದ ಅವರು ನಮ್ಮ ಜೊತೆ ಉಣ್ಣುವುದನ್ನು ಬಿಟ್ಟರು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಉಂಡು, ತಟ್ಟೆಯನ್ನು ತಾವೇ ತೊಳೆದಿಟ್ಟು ಬರುತ್ತಿದ್ದರು. ನಾನು ಏನಾದರೂ ನೆಪ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ, ಉಪ್ಪಿನ ಡಬ್ಬಿಗೆಂದೋ ನೀರಿಗೆಂದೋ. ನಾನು ಹೋದ ಕೂಡಲೇ ಅವರು ಕೈ ನಿಲ್ಲಿಸುತ್ತಿದ್ದರು. ಮಗಳು ತನ್ನ ತಟ್ಟೆಯನ್ನು ಕೋಣೆಗೆ ಒಯ್ಯತೊಡಗಿದಳು. ಒಂದೇ ಮನೆಯಲ್ಲಿ ಮೂರು ಕಡೆ ಮೂವರು ಉಣ್ಣುವುದು ರೂಢಿಯಾಗಿಬಿಟ್ಟಿತು.

ಅಷ್ಟರಲ್ಲಿ ತಂಡದ ಗೆಳೆಯರು ಮನೆಗೆ ಬಂದರು. ಅದೇ ಸಾಹುಕಾರನ ನಾಟಕವನ್ನು ಕಾರವಾರದ ರಂಗಮಂದಿರದಲ್ಲಿ ಆಡುವುದೆಂದು ನಿಶ್ಚಯವಾಗಿತ್ತು. ಇವರ ಪಾತ್ರವನ್ನು ಅಂಕೋಲೆಯ ಒಬ್ಬ ತರುಣ ಮಾಸ್ತರನಿಗೆ ಕೊಟ್ಟಿದ್ದರು. ನಾಟಕಕ್ಕೆ ಮೊದಲು ಇವರಿಗೆ ಸನ್ಮಾನ.

"ಇವ್ರು ಬರೂದಿಲ್ಲ ಹೇಳಿದ್ರೆ ನಾವು ಕೇಳೂದಿಲ್ಲ ಅಕ್ಕೋರೆ. ನೀವೇ ಕರ್ಕಂಡು ಬರ್ಬೇಕು" ಎಂದು ನನಗೆ ಹೇಳಿದರು. ನನ್ನ ಗಂಡ ಪಕ್ಕದಲ್ಲೇ ಕೂತಿದ್ದರು. ಗೆಳೆಯರೂ ಈಗ ಅವರ ವಿಷಯವನ್ನು ನನ್ನ ಜೊತೆ ಮಾತಾಡತೊಡಗಿದ್ದು ಕಂಡು ನನಗೆ ಸಂಕಟವಾಯಿತು.

ಆದರೂ ಅವರು ಬಂದರು. ಬಿಳಿಯ ಅಂಗಿ ತಾವೇ ಇಸ್ತ್ರಿ ಮಾಡಿಕೊಂಡರು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು, ನಿರೂಪಕ ಎರಡು ಮಾತು ಆಡಬೇಕೆಂದು ಕೇಳಿದ. ಬೇಡ ಎನ್ನುತ್ತಾರೆಂದು ಎಲ್ಲರೂ ತಿಳಿದಿದ್ದರು, ನಾನೂ. ಅವರು ಬುಟ್ಟಿ ಕೆಳಗಿಟ್ಟು ಮೈಕಿನ ಮುಂದೆ ನಿಂತರು.

ಮಾತು ಶುರುವಾಯಿತು. ಮೈಕು ಆ ಕರಗಿದ ಅಕ್ಷರಗಳನ್ನು ಇನ್ನಷ್ಟು ದೊಡ್ಡದು ಮಾಡಿ ಮಂದಿರದ ತುಂಬ ಹರಡಿತು. ಮೊದಲು ಸಭೆ ಪೂರ್ತಿ ಮೌನವಾಗಿತ್ತು. ಆಮೇಲೆ ಅಲ್ಲಲ್ಲಿ ಕೆಮ್ಮು, ಕುರ್ಚಿ ಸರಿಸುವ ಸದ್ದು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಯಾರೋ ಚಪ್ಪಾಳೆ ತಟ್ಟಿದರು. ಮರುಕ್ಷಣ ಇಡೀ ಸಭೆ ತಟ್ಟಿತು. ಪಾಪ, ಸಾಕು, ಕೂತುಕೊಳ್ಳಿ ಎಂದು ಹೇಳುವ ಚಪ್ಪಾಳೆ ಅದು. ನನ್ನ ಮಗಳೂ ತಟ್ಟುತ್ತಿದ್ದಳು, ತಲೆ ತಗ್ಗಿಸಿಕೊಂಡು.

ಅವರು ಕೂರಲಿಲ್ಲ. ಚಪ್ಪಾಳೆ ತಾನಾಗಿ ನಿಲ್ಲುವವರೆಗೆ ಸಭೆಯನ್ನು ನೋಡುತ್ತ ನಿಂತರು. ಅದು ನಿಂತ ಮೇಲೆ ಉಳಿದ ಮಾತನ್ನು ಹೇಳಿ ಮುಗಿಸಿದರು. ಆ ಮಾತು ನನಗೂ ಅರ್ಥವಾಗಲಿಲ್ಲ.

ನಾಟಕ ಆರಂಭವಾಯಿತು. ತರುಣ ಮಾಸ್ತರ ಸಾಹುಕಾರನಾಗಿ ಬಂದವನೇ ಮೇಜು ಗುದ್ದಿ ಅಬ್ಬರಿಸಿದ. ಕೊರಳ ನರ ಉಬ್ಬುವ ಹಾಗೆ ಕೂಗಿದ. ಜನ ಸಿಳ್ಳೆ ಹೊಡೆದರು. ನನ್ನ ಪಕ್ಕದಲ್ಲಿ ಕೂತಿದ್ದ ಅವರು ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿದವರು ಮೇಲೆತ್ತಲೇ ಇಲ್ಲ. ಮಧ್ಯಂತರದಲ್ಲಿ ಎದ್ದೆವು. ಆಟೋದಲ್ಲಿ ಕೂತ ಮೇಲೆ ನಾನು ಕೇಳಿದೆ, "ನೀವು ಅಲ್ಲಿ ಎಂತ ಹೇಳಿದ್ರಿ?"

ಅವರು ಹೇಳಿದರು. ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದೆ. ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದರು. "ಆ ಮಾಸ್ತರಂಗೆ ಹೇಳ್ದೆ. ಈ ಪಾತ್ರ ಕೂಗೂಕಾಗ. ಮೆಲ್ಲಗೆ ಮಾತಾಡು. ಜನಾನೇ ಕಿವಿ ಕೊಡ್ಲಿ, ಹೆದರ್ಲಿ."

ವಂದನೆ, ಕೃತಜ್ಞತೆ, ಕಾಯಿಲೆ ಯಾವುದರ ಬಗ್ಗೆಯೂ ಅಲ್ಲ. ಒಬ್ಬ ನಟ ಇನ್ನೊಬ್ಬ ನಟನಿಗೆ ಕೆಲಸದ ಮಾತು ಹೇಳಿದ್ದ. ನಾವೆಲ್ಲ ಸೇರಿ ಅದಕ್ಕೆ ಚಪ್ಪಾಳೆ ತಟ್ಟಿ ಮುಚ್ಚಿದ್ದೆವು. ಮಗಳು ಆಟೋದ ಆಚೆ ಬದಿಗೆ ಮುಖ ಮಾಡಿ ಅಳುತ್ತಿದ್ದಳು.

ಮರುವಾರ ಅವರು ದೀರ್ಘ ರಜೆ ಹಾಕಿ ಅಗಸೂರಿಗೆ ಹೋದರು. ಅಣ್ಣನಿಗೆ ಗದ್ದೆ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂಬುದು ಕಾರಣ. ಫೋನಿನಲ್ಲಿ ಅವರ ಮಾತು ಇನ್ನೂ ಅಸ್ಪಷ್ಟವಾದ್ದರಿಂದ ನಾನು ಅವರ ಅತ್ತಿಗೆಯನ್ನು ಕೇಳುತ್ತಿದ್ದೆ, ಉಂಡರೇ, ಕೆಮ್ಮು ಬಂತೇ ಎಂದು. "ಉಣ್ತಾರೆ, ಅದ್ಕೆಂತ ಆಗ್ತದೆ?" ಎಂದು ಅವರು ಫೋನ್ ಇಡುತ್ತಿದ್ದರು. ನನಗೆ ಸಮಾಧಾನವಾಗಲಿಲ್ಲ. ಒಂದು ರಜೆಯ ದಿನ ಹೇಳದೆ ಹೊರಟೆ.

ನಾನು ಅಂಗಳಕ್ಕೆ ಕಾಲಿಟ್ಟಾಗ ಮಧ್ಯಾಹ್ನದ ಊಟ ನಡೆದಿತ್ತು. ಕಿಟಕಿಯಿಂದ ಕಂಡಿತು. ಅವರು, ಅಣ್ಣ, ಅತ್ತಿಗೆ ಮೂವರೂ ಒಳಜಗಲಿಯ ನೆಲದ ಮೇಲೆ ಕೂತಿದ್ದರು. ಇವರ ತಟ್ಟೆಯಲ್ಲಿ ಗಂಜಿ, ಬಂಗಡೆ ಸಾರು. ಮೀನನ್ನು ಬೆರಳಲ್ಲಿ ಹಿಸುಕಿ, ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಅಣ್ಣ ಕಾಡುಹಂದಿ ಗದ್ದೆಗೆ ನುಗ್ಗಿದ ಸುದ್ದಿ ಹೇಳುತ್ತಿದ್ದರು. ಇವರು ನಡುವೆ ಏನೋ ಅಂದರು, ಅತ್ತಿಗೆ ನಕ್ಕರು. ಆಗ ಇವರಿಗೆ ತುತ್ತು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಅಣ್ಣ ನೀರಿನ ತಂಬಿಗೆಯನ್ನು ಅವರ ಕಡೆ ದೂಡಿ, ತಲೆಯನ್ನೂ ಎತ್ತದೆ ಹಂದಿಯ ಕತೆ ಮುಂದುವರಿಸಿದರು. ಕೆಮ್ಮು ನಿಂತಿತು. ಅವರು ಮತ್ತೆ ತುತ್ತು ಕಲಸಿದರು.

ನಾನು ಒಳಗೆ ಹೋಗಲಿಲ್ಲ. ಊಟ ಮುಗಿಯುವವರೆಗೆ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಸಂತೋಷವಾಗಬೇಕಾದಲ್ಲಿ ಹೊಟ್ಟೆ ಉರಿಯುತ್ತಿತ್ತು. ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದವಳು ನಾನು, ಕೊಳವೆಯಲ್ಲಿ ಹಾಲು ಹಾಕಿದವಳು ನಾನು. ನನ್ನೆದುರು ಬಾಗಿಲು ಮುಚ್ಚಿದವರು ಇಲ್ಲಿ ನಗಿಸುತ್ತ ಉಣ್ಣುತ್ತಿದ್ದರು.

ಕೈ ತೊಳೆಯಲು ಬಂದವರು ನನ್ನನ್ನು ಕಂಡು ನಿಂತರು. ಯಾವಾಗ ಬಂದೆ ಎಂದು ಕೇಳಿದರು. ನಾನು ನೇರವಾಗಿ ಕೇಳಿಬಿಟ್ಟೆ, "ಇವ್ರ ಸಂಗ್ತಿ ಕೂತು ಉಣ್ಣೂಕಾಗ್ತದೆ, ನಮ್ಮ ಸಂಗ್ತಿ ಎಂತಕ್ಕೆ ಆಗೂದಿಲ್ಲ?"

ಅವರು ಕೊಡದಿಂದ ನೀರು ಸುರಿದುಕೊಂಡು ಬಾಯಿ ತೊಳೆದರು. ಆಮೇಲೆ, "ಇವ್ರು ಉಣ್ತಾರೆ. ನೀ ಉಣ್ಣೂದಿಲ್ಲ. ನೀ ನನ್ನ ಗಂಟ್ಲು ನೋಡ್ತೆ" ಎಂದರು. ಈ ಸಲ ಪ್ರತಿ ಅಕ್ಷರವೂ ನನಗೆ ತಿಳಿಯಿತು.

ಹೇಳಲು ನನ್ನಲ್ಲಿ ಉತ್ತರವಿತ್ತು. ವೈದ್ಯರೇ ನೋಡಿಕೊಳ್ಳಿ ಅಂದಿದ್ದರು. ನಾನು ನೋಡದಿದ್ದರೆ ಯಾರು ನೋಡಬೇಕು? ಆದರೆ ಹಿಂದಿನ ಎಷ್ಟೋ ತಿಂಗಳುಗಳಲ್ಲಿ ನಾನು ಉಂಡ ಊಟದ ರುಚಿ ಯಾವುದೂ ನೆನಪಾಗಲಿಲ್ಲ. ಕೊಡ ಬಗ್ಗಿಸಿ ನಾನೂ ಕೈ ತೊಳೆದುಕೊಂಡೆ. ಅತ್ತಿಗೆ ಒಳಗಿನಿಂದ ಕೂಗಿ ಕರೆದು ನನಗೂ ಬಡಿಸಿದರು.

ನಾಟಿ ಮುಗಿದ ಮೇಲೆ ಅವರನ್ನು ಕರೆತರಲು ಹೋದೆ. ಅಂಕೋಲೆಯಲ್ಲಿ ಬಸ್ ತಪ್ಪಿತು. ಹಸಿವಾಗಿತ್ತು. ಅವರೇ ರಸ್ತೆ ಬದಿಯ ಒಂದು ಸಣ್ಣ ಖಾನಾವಳಿಯ ಕಡೆ ಕೈ ತೋರಿಸಿದರು. ಎದುರುಬದುರು ಕೂರುವ ಮೇಜುಗಳೇ ಇದ್ದವು. ನಾನು ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ, ಇಬ್ಬರೂ ರಸ್ತೆಗೆ ಮುಖ ಮಾಡಿದಂತಾಯಿತು. ಬಡಿಸುವವನು ನನ್ನ ಕಡೆ ನೋಡಿದ. ನಾನು ಹೊರಗೆ ನೋಡುತ್ತಿದ್ದೆ. ಅವನು ಅವರನ್ನೇ ಕೇಳಬೇಕಾಯಿತು. ಅವರು ಎರಡು ಸಲ ಹೇಳಿ, ಮೂರನೆಯ ಸಲ ಪಕ್ಕದ ಮೇಜಿನ ತಟ್ಟೆ ತೋರಿಸಿದರು. ಇಬ್ಬರಿಗೂ ಬಂಗಡೆ ಬಂತು.

ನಡುವೆ ಅವರಿಗೆ ಕೆಮ್ಮು ಬಂತು, ದೊಡ್ಡದೇ. ನಾನು ಮೇಜಿನ ಅಂಚು ಹಿಡಿದುಕೊಂಡು ಎದುರಿನ ಅಂಗಡಿಯ ಬೋರ್ಡಿನ ಅಕ್ಷರ ಓದುತ್ತ ಕೂತೆ. ಏನು ಬರೆದಿತ್ತೋ ಈಗ ನೆನಪಿಲ್ಲ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಅವರು ನನ್ನ ತಟ್ಟೆಗೆ ಒಂದು ತುಂಡು ಮೀನು ಹಾಕಿ, "ತಿನ್ನು, ತಣ್ಣಗಾಗ್ತದೆ" ಎಂದರು. ನಾನು ತಿಂದೆ. ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟು ಇನ್ನೊಂದು ತುತ್ತು ಕಲಸಿದೆ.