ಒಪ್ಪತ್ತಿನ ಸುಳ್ಳು

ಮೊದಲ ಸಲ ಸಿಕ್ಕಿಕೊಂಡದ್ದು ಒಂದು ತುತ್ತು ಚಪಾತಿ. ಮಾಚೇನಹಳ್ಳಿಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ, ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ. ಎದೆಯ ನಡುವೆ ಬಂದು ನಿಂತಿತು. ನೀರು ಕುಡಿದೆ. ನೀರೂ ಅದರ ಮೇಲೆಯೇ ನಿಂತಿತು. ಎದ್ದು ಕಾಂಪೌಂಡಿನ ಹಿಂದೆ ಹೋಗಿ ಎರಡನ್ನೂ ಹೊರಹಾಕಿದೆ. ಹುಳಿ ಇಲ್ಲ, ಕಹಿ ಇಲ್ಲ. ಅಗಿದದ್ದು ಅಗಿದ ಹಾಗೆಯೇ ಬಂದಿತ್ತು. ಅದು ಹೊಟ್ಟೆಯವರೆಗೆ ಹೋಗಿಯೇ ಇರಲಿಲ್ಲ ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ.

"ಗ್ಯಾಸು ಮಾರಾಯ," ಎಂದ ದಂಡಪಾಣಿ. ನನ್ನ ಪಕ್ಕದ ಲೇತ್ ಮೆಷಿನ್ ಅವನದು. ಹದಿನೈದು ವರ್ಷದಿಂದ ಒಟ್ಟಿಗೆ ಉಣ್ಣುತ್ತಿದ್ದೇವೆ. "ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿ, ಸರಿ ಹೋಗುತ್ತೆ."

ಸೋಡಾ ಕುಡಿದೆ. ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ ತಿಂಗಳುಗಟ್ಟಲೆ ನುಂಗಿದೆ. ಕೆಲವು ದಿನ ಅನ್ನ ಇಳಿಯುತ್ತಿತ್ತು, ಕೆಲವು ದಿನ ನೀರೂ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ, ನಿದ್ದೆಯಲ್ಲಿ ಬಾಯಿಗೆ ವಾಪಸು ಬಂದದ್ದಕ್ಕೆ ದಿಂಬು ಒದ್ದೆ.

ನನ್ನ ಅಪ್ಪ ತೀರಿಕೊಂಡದ್ದು ಅನ್ನನಾಳದ ಕ್ಯಾನ್ಸರಿನಿಂದ. ಅವರಿಗೂ ಮೊದಲು ಗಟ್ಟಿ ಪದಾರ್ಥ ಸಿಕ್ಕಿಕೊಳ್ಳುತ್ತಿತ್ತು, ಆಮೇಲೆ ಅನ್ನ, ಆಮೇಲೆ ಗಂಜಿ.

ನನಗೂ ಅದೇ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಡಾಕ್ಟರ ಹತ್ತಿರ ಹೋದರೆ ಅವರು ಆ ಮಾತನ್ನು ಬಾಯಿಬಿಟ್ಟು ಹೇಳುತ್ತಾರೆ. ಹೋಗದಿದ್ದರೆ ಹೇಳುವವರಿಲ್ಲ. ನಲವತ್ತೆಂಟು ವರ್ಷದ ಗಂಡಸಿನ ಬುದ್ಧಿ ಇದು, ನಗಬೇಡಿ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ರೂಢಿಯಿದೆ. ನಾವು ಐದು ಜನ ಬಾಕ್ಸುಗಳನ್ನೆಲ್ಲ ನಡುವೆ ಬಿಚ್ಚಿಟ್ಟು ಹಂಚಿಕೊಂಡು ಉಣ್ಣುತ್ತೇವೆ, ಕೊನೆಯವನು ಮುಗಿಸುವವರೆಗೆ ಯಾರೂ ಕೈ ತೊಳೆಯುವುದಿಲ್ಲ. ಅಲ್ಲಿ ಒಬ್ಬ ತಿನ್ನದೆ ಕೂತರೆ ನಾಲ್ವರಿಗೂ ಕಾಣುತ್ತದೆ. ಒಂದು ಸೋಮವಾರ, ಕೇಳುವ ಮೊದಲೇ ಹೇಳಿಬಿಟ್ಟೆ: "ಇವತ್ತು ನಂದು ಒಪ್ಪತ್ತು." ದಿನಕ್ಕೆ ಒಂದೇ ಊಟ, ಅದೂ ಮನೆಯಲ್ಲಿ, ದೇವರ ಹೆಸರಿನಲ್ಲಿ.

ಯಾರೂ ಒತ್ತಾಯ ಮಾಡಲಿಲ್ಲ. ಎಷ್ಟು ಸುಲಭ! ಸೋಮವಾರದ ಜೊತೆಗೆ ಗುರುವಾರ ಸೇರಿತು, ಆಮೇಲೆ ಶನಿವಾರ. ಎರಡು ತಿಂಗಳು ಕಳೆಯುವಷ್ಟರಲ್ಲಿ ದೇವರಿಗೆ ಕೊಡದ ವಾರ ನನ್ನ ಹತ್ತಿರ ಉಳಿದಿರಲಿಲ್ಲ. ವಿಭೂತಿ ಹಚ್ಚಿಕೊಳ್ಳುವುದನ್ನೂ ಮರೆಯುವ ಮನುಷ್ಯ ನಾನು. ಅಂಥವನ ಎದುರು ಹುಡುಗರು ಕೆಟ್ಟ ಮಾತಾಡುವುದನ್ನು ಬಿಟ್ಟರು. ಆಯುಧಪೂಜೆಗೆ ಬೂದುಗುಂಬಳಕಾಯಿ ನನ್ನ ಕೈಯಲ್ಲೇ ಒಡೆಸಿದರು. ದಂಡಪಾಣಿ ನನ್ನನ್ನು ಮಾರಾಯ ಎನ್ನುವುದನ್ನು ನಿಲ್ಲಿಸಿ "ಸ್ವಾಮಿ" ಎನ್ನತೊಡಗಿದ. ತಮಾಷೆಗಲ್ಲ, ಮನಸಾರೆ.

ಆ "ಸ್ವಾಮಿ" ಕೇಳಿದಾಗಲೆಲ್ಲ ಮುಖ ತಿರುಗಿಸಿ ಕೆಲಸಕ್ಕೆ ಬಗ್ಗುತ್ತಿದ್ದೆ. ಅವರು ಊಟ ಮಾಡುವಾಗ ನಾನು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ನಗು ಕೇಳಿಸುತ್ತಿತ್ತು. ಉಪ್ಪಿನಕಾಯಿ ವಾಸನೆ ಬರುತ್ತಿತ್ತು. ಅಷ್ಟು ಒಂಟಿತನ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಮನೆ ಭದ್ರಾವತಿಯಲ್ಲಿ. ಅಲ್ಲಿ ಬೇರೆ ಸುಳ್ಳು. "ಎಲ್ಲರದ್ದೂ ತಿಂದು ಹೊಟ್ಟೆ ಭಾರ ಆಗಿದೆ," ಎಂದು ಹೆಂಡತಿ ಗಿರಿಜಾಗೆ ಖಾಲಿ ಬಾಕ್ಸ್ ಕೊಡುತ್ತಿದ್ದೆ. ಬಾಕ್ಸಿನ ಊಟ ದಾರಿಯ ನಾಯಿಗಳಿಗೆ ಹೋಗಿರುತ್ತಿತ್ತು. ಅವಳು ಹೊಲಿಗೆ ಮಾಡುತ್ತಾಳೆ. ಎರಡು ಸಲ ನನ್ನ ಪ್ಯಾಂಟಿನ ಸೊಂಟ ಹಿಡಿದು ಹೊಲಿದಳು. "ಷುಗರ್ ಟೆಸ್ಟ್ ಮಾಡಿಸ್ರೀ," ಎಂದಳು. ಕೆಲಸ ಜಾಸ್ತಿ ಎಂದೆ.

ಈ ಎರಡು ಸುಳ್ಳುಗಳ ನಡುವೆ ನನ್ನ ಊಟ ನಡೆಯುತ್ತಿತ್ತು. ಗಾಡಿಯವನ ಹತ್ತಿರ ರಾಗಿ ಅಂಬಲಿ ಬಾಟಲಿಗೆ ಹಾಕಿಸಿಕೊಂಡು, ಹೆದ್ದಾರಿ ಪಕ್ಕದ ಮುಚ್ಚಿದ ಗೋಡೌನಿನ ಹಿಂದೆ ಬೈಕು ನಿಲ್ಲಿಸಿ ನಿಂತೇ ಕುಡಿಯುತ್ತಿದ್ದೆ. ಒಂದು ಗುಟುಕು, ಕೈ ಮೇಲೆತ್ತಿ ಬೆನ್ನು ಸೆಟೆಸುವುದು. ಮತ್ತೊಂದು ಗುಟುಕು. ಯಾರೂ ಇಲ್ಲದಿದ್ದರೆ ಎರಡು ಸಲ ಕುಪ್ಪಳಿಸುತ್ತಿದ್ದೆ. ಕೆಲವೊಮ್ಮೆ ಇಳಿಯುತ್ತಿತ್ತು.

ಒಂದು ಭಾನುವಾರ ದಂಡಪಾಣಿ ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಮಗಳ ಮದುವೆ ಗೊತ್ತಾಗಿತ್ತು.

"ಮೊದಲ ಕಾಗದ ನಿಮಗೇ ಅಕ್ಕಾ," ಎಂದ ಗಿರಿಜಾಗೆ. "ಸ್ವಾಮಿ ಬಂದು ಅಕ್ಷತೆ ಹಾಕ್ಬೇಕು. ಆರು ತಿಂಗಳಿಂದ ದಿನಾ ಒಪ್ಪತ್ತು ಅಂದ್ರೆ ಸುಮ್ನೇನಾ? ಮಧ್ಯಾಹ್ನ ಒಂದ್ ಅಗಳು ಮುಟ್ಟಲ್ಲ."

ಗಿರಿಜಾ ಅವನಿಗೆ ಕಾಫಿ ಕೊಟ್ಟಳು, ಕುಂಕುಮ ಹಚ್ಚಿ ಕಾಗದ ತೆಗೆದುಕೊಂಡಳು, ಗೇಟಿನವರೆಗೆ ಹೋಗಿ ಕಳಿಸಿಬಂದಳು. ಬಾಗಿಲು ಹಾಕಿ ನನ್ನ ಎದುರು ಕೂತಳು.

"ಮಾವಂಗೆ ಆಗಿದ್ದೇ ನಿಮಗೂ ಆಗಿದೆ ಅಂದ್ಕೊಂಡಿದೀರಾ?"

ನಾನು ಹೌದೆಂದು ತಲೆಯಾಡಿಸಿದೆ.

"ಅವರಿಗೆ ಗಂಜಿ ಕುಡಿಸ್ದವಳು ನಾನು. ವಾಂತಿ ಬಳಿದವಳು ನಾನು. ನನ್ನ ಹತ್ರ ಮುಚ್ಚಿಟ್ರಲ್ಲ, ನಾನೇನ್ ಬೀದಿಯವಳಾ?" ಎಂದು ಜೋರಾಗಿ ಅತ್ತಳು. ಅವತ್ತು ಅವಳೂ ಊಟ ಮಾಡಲಿಲ್ಲ.

ಮರುದಿನ ಶಿವಮೊಗ್ಗಕ್ಕೆ ಎಳೆದುಕೊಂಡು ಹೋದಳು. ಎಂಡೋಸ್ಕೋಪಿ ಆಯಿತು. ಆಮೇಲೆ ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಚಿತ್ರದಲ್ಲಿ ನನ್ನ ಅನ್ನನಾಳ ಮೂಲಂಗಿಯ ಹಾಗಿತ್ತು: ಮೇಲೆ ದಪ್ಪ, ತುದಿಯಲ್ಲಿ ಬಾಲದಷ್ಟು ಸಣ್ಣ.

ಡಾಕ್ಟರ್ ನನಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. "ನುಂಗಿದ್ದು ತಾನಾಗೇ ಕೆಳಗೆ ಬೀಳಲ್ಲ," ಎಂದಳು. "ಅನ್ನನಾಳದ ಗೋಡೆ ಹಿಂಡಿ ಹಿಂಡಿ ತಳ್ಳುತ್ತೆ. ಕೊನೇಲಿ ಒಂದು ವಾಲ್ವ್ ಇದೆ. ನುಂಗಿದಾಗ ತೆರ್ಕೋಬೇಕು, ಆಮೇಲೆ ಮುಚ್ಕೋಬೇಕು. ಅದು ಸಡಿಲ ಆದ್ರೆ ಆಸಿಡ್ ಮೇಲೆ ಬಂದು ಎದೆಯುರಿ. ತುಂಬಾ ಜನಕ್ಕೆ ಆಗೋದು ಅದು. ನಿಮ್ಮದು ಉಲ್ಟಾ. ತೆರ್ಕೊಳ್ತಾನೇ ಇಲ್ಲ, ತಳ್ಳೋ ಶಕ್ತೀನೂ ಹೋಗಿದೆ. ಅಕಲೇಸಿಯಾ ಅಂತೀವಿ. ಗ್ಯಾಸ್ ಮಾತ್ರೆಗೆ ಬಗ್ಗಲ್ಲ."

"ಕ್ಯಾನ್ಸರ್?"

"ಗಡ್ಡೆ ಏನೂ ಇಲ್ಲ. ಬಯಾಪ್ಸಿ ರಿಪೋರ್ಟ್ ಬರ್ಲಿ."

ಒಂದು ವಾರದ ಮೇಲೆ ಅದೂ ಬಂತು.

ಕ್ಯಾನ್ಸರ್ ಅಲ್ಲ.

ಗಿರಿಜಾ ನನ್ನ ಅಂಗಿಯ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. "ಇಷ್ಟು ತಿಂಗಳು ಯಾಕೆ ಬರ್ಲಿಲ್ಲ?" ಎಂದು ಡಾಕ್ಟರ್ ಕೇಳಿದಳು. "ವ್ರತದಲ್ಲಿದ್ರು," ಎಂದಳು ಗಿರಿಜಾ.

ಮುಂದಿನ ಚಿಕಿತ್ಸೆಗೆ ಮಂಗಳೂರಿಗೆ ಕಳಿಸಿದರು. ಅಲ್ಲಿ ಮೂಗಿನಿಂದ ನಳಿಕೆ ಇಳಿಸಿ, ಗುಟುಕು ಗುಟುಕು ನೀರು ನುಂಗಿಸಿ ಅನ್ನನಾಳದ ಒತ್ತಡ ಅಳೆದರು. ಮಾನೋಮೆಟ್ರಿ ಅಂತೆ, ಕಣ್ಣಲ್ಲಿ ಮೂಗಲ್ಲಿ ಒಟ್ಟಿಗೆ ನೀರು. ಆಮೇಲೆ ಮಂಪರು ಕೊಟ್ಟು, ಬಲೂನು ಹಾಕಿ ಆ ವಾಲ್ವನ್ನು ಹಿಗ್ಗಿಸಿದರು. ಎಚ್ಚರವಾದಾಗ ಎದೆ ನೋಯುತ್ತಿತ್ತು. ಎಲ್ಲೂ ಹರಿದಿಲ್ಲ ಎಂದು ಎಕ್ಸ್‌ರೇ ನೋಡಿಯೇ ಒಂದು ಲೋಟ ನೀರು ಕೊಟ್ಟರು. ಕುಡಿದೆ. ಕಾಯುತ್ತಾ ಕೂತೆ. ಅದು ಆಗಲೇ ಹೋಗಿಬಿಟ್ಟಿತ್ತು. ಅಳು ಬಂತು. ನರ್ಸ್ ನೋವಿರಬೇಕೆಂದು ಇಂಜೆಕ್ಷನ್ ತರಲು ಹೋದಳು.

ಪೂರ್ತಿ ವಾಸಿ ಎಂದು ಯಾರೂ ಹೇಳಲಿಲ್ಲ. ಹೋದ ಶಕ್ತಿ ಬರುವುದಿಲ್ಲ. ವಾಲ್ವ್ ಮತ್ತೆ ಬಿಗಿದರೆ ಮತ್ತೆ ಬಲೂನು, ಇಲ್ಲವೇ ಆಪರೇಷನ್. ಸಣ್ಣ ತುತ್ತು, ಚೆನ್ನಾಗಿ ಅಗಿಯುವುದು, ನಡುನಡುವೆ ನೀರು, ಮಲಗುವ ಮೂರು ಗಂಟೆ ಮೊದಲೇ ಊಟ. ಮಲಗಿದಾಗ ತಿಂದದ್ದು ಮೇಲೆ ಬಾರದಿರಲೆಂದು ಗಿರಿಜಾ ಮಂಚದ ತಲೆಯ ಕಡೆಗೆ ಎರಡು ಇಟ್ಟಿಗೆ ಇಟ್ಟಿದ್ದಾಳೆ.

ಕೆಲಸಕ್ಕೆ ವಾಪಸು ಹೋದದ್ದು ಒಂದು ಸೋಮವಾರ. ರಜೆ ಯಾಕೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತಿಗೆ ದಂಡಪಾಣಿ, "ಸ್ವಾಮಿ, ನಿಮಗೆ ಒಪ್ಪತ್ತಲ್ವಾ, ಬಾಳೆಹಣ್ಣು ತಂದಿದೀನಿ," ಎಂದ.

"ನಾನು ಒಂದು ದಿನವೂ ಒಪ್ಪತ್ತು ಇರ್ಲಿಲ್ಲ ಕಣೋ," ಎಂದೆ. ಎಲ್ಲ ಹೇಳಿದೆ. ಗೋಡೌನಿನ ಹಿಂದೆ ಕುಪ್ಪಳಿಸಿದ್ದನ್ನೂ ಹೇಳಿದೆ. ಸಾಯ್ತೀನಿ ಅಂತ ಹೆದರಿದ್ದೆ ಎಂದೆ.

ದಂಡಪಾಣಿಯ ಮುಖ ಕೆಂಪೇರಿತು.

"ಥೂ ನಿನ್ನ! ಕುಂಬಳಕಾಯಿ ಬೇರೆ ಒಡೆಸಿದ್ವಲ್ಲೋ ನಿನ್ನ ಕೈಲಿ! ಹದಿನೈದು ವರ್ಷ ಜೊತೇಲಿ ತಿಂದಿದೀನಿ, ನಂಗೆ ಹೇಳೋಕಾಗ್ಲಿಲ್ವೇನೋ ಮಾರಾಯ?"

ಮಾರಾಯ ಎಂದ. ನಾನು ತಲೆ ಬಗ್ಗಿಸಿ ಬಾಕ್ಸ್ ಬಿಚ್ಚಿದೆ. ಅವನು ತನ್ನ ಚಪಾತಿಯಿಂದ ಹೆಬ್ಬೆರಳಿನ ಉಗುರಿನಷ್ಟು ಮುರಿದು ನನ್ನ ಮುಚ್ಚಳದ ಮೇಲಿಟ್ಟ. ಅಗಿದೆ. ನೀರು ಕುಡಿದೆ.

"ಇಳೀತಾ?"

"ತಡಿ."

ಅವರದೆಲ್ಲ ಮುಗಿದು ಎಂಜಲು ಕೈ ಒಣಗುತ್ತಿತ್ತು. ಕೆಲಸದ ಬೆಲ್ ಹೊಡೆಯಿತು. ಒಬ್ಬನೂ ಏಳಲಿಲ್ಲ.

"ಇಳೀತು," ಎಂದೆ. ದಂಡಪಾಣಿ ಇನ್ನೊಂದು ಚೂರು ಮುರಿದ.