ಲೈನ್ ಬೇರೆ ಮಾಡಿದ್ದು

ಹೆತ್ತೂರಿನ ಕಡೆಯ ಒಂದು ಕಾಫಿ ಎಸ್ಟೇಟಿನೊಳಗಿನ ರೆಸಾರ್ಟಿಗೆ ನಾನು ಮ್ಯಾನೇಜರ್. ಸ್ವಿಚ್ ಒತ್ತಲು ಗೋಡೆಯವರೆಗೆ ನಡೆಯುವುದು ಅತಿಥಿಗಳಿಗೆ ಕಷ್ಟ ಎಂದು ನಮ್ಮ ಸಾಹುಕಾರರ ತಲೆಗೆ ಯಾರೋ ತುಂಬಿದ್ದರು. ಹಾಗಾಗಿ ದೀಪ, ಪಂಪು, ಬಾಯ್ಲರು, ಎ.ಸಿ. ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಪೋಣಿಸಿ ಕಟ್ಟಡಕ್ಕೆ ಬುದ್ಧಿ ಬರಿಸಿದ್ದಾಯಿತು. ಈ ಚಳಿಯಲ್ಲಿ ಎ.ಸಿ. ಯಾಕೆ ಎಂದು ನಾನಂತೂ ಕೇಳಲಿಲ್ಲ.

ಬುದ್ಧಿ ಬಂದದ್ದೇ ತಡ, ಯಂತ್ರಗಳು ಹರಟೆಗೆ ಕೂತವು. ಪಂಪು ಒಮ್ಮೆ ಯಾರಿದ್ದೀರಿ ಎಂದು ಕೇಳಿದರೆ ವರಾಂಡದ ದೀಪವೂ ಸೇರಿ ಎಲ್ಲವೂ ನಾನಿದ್ದೇನೆ ಎನ್ನುತ್ತಿದ್ದವು. ಆ ಗದ್ದಲದಲ್ಲಿ ಬಾಯ್ಲರಿಗೆ ಹೋಗಬೇಕಾದ ಆಜ್ಞೆ ಎಲ್ಲೋ ಕಳೆದುಹೋಗುತ್ತಿತ್ತು. ಅತಿಥಿಗಳು ತಣ್ಣೀರಿನ ಕೆಳಗೆ ನಿಂತು ನನಗೆ ಫೋನ್ ಮಾಡಿ ಬೈಯುತ್ತಿದ್ದರು. ನಾನು ಅಡಿಗೆಮನೆಯ ಹಿಂದಿನ ಸೌದೆ ಹಂಡೆಯಿಂದ ಬಕೆಟ್ಟಿನಲ್ಲಿ ನೀರು ಹೊರಿಸುತ್ತಿದ್ದೆ.

ಕೊನೆಗೆ ಬೆಂಗಳೂರಿನಿಂದ ಇಂಜಿನಿಯರು ಬಂದ. ಪಂಪ್‌ಹೌಸು, ಕೋಣೆಗಳು ಎಂದು ನೆಟ್‌ವರ್ಕನ್ನು ಪಾಲು ಮಾಡಿ ನಡುವೆ ಐಪಿ ರೂಟರ್ ಕೂರಿಸಿದರೆ ಅಗತ್ಯದ ಮಾತು ಮಾತ್ರ ಆಚೆ ದಾಟುತ್ತದೆ, ಉಳಿದ ಹರಟೆ ಅಲ್ಲಲ್ಲೇ ಉಳಿಯುತ್ತದೆ ಎಂದ. ಅವನು ಕೆಲಸ ಮುಗಿಸಿ ಹೊರಟ ದಿನ ನಾನು ಮಾರನಹಳ್ಳಿಯಲ್ಲಿ, ಘಾಟಿ ಹತ್ತಿ ಬಂದು ಕೆಟ್ಟು ನಿಂತ ಲಾರಿಯ ಹಿಂದೆ, ಟ್ರಾಫಿಕ್ಕಿನ ಬಗ್ಗೆ ಸ್ವಂತ ಅನುಭವ ಪಡೆಯುತ್ತಿದ್ದೆ. ಹೀಗಾಗಿ ಅವನು ಹೇಳಬೇಕಾದ್ದನ್ನೆಲ್ಲ ಎಸ್ಟೇಟಿನ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರಿಗೆ ಹೇಳಿಹೋದ. ಲೈನಲ್ಲಿ ಗಲಾಟೆ ಜಾಸ್ತಿಯಿತ್ತು, ಬಿಲ್ಡಿಂಗಿನಿಂದ ಬೇರೆ ಮಾಡಿದ್ದೇನೆ, ಬೇಕಾದ್ದು ಮಾತ್ರ ಈ ಕಡೆ ದಾಟಲಿ, ಮುಚ್ಚಿದ ಹಳೇ ದಾರಿಯನ್ನು ಯಾರೂ ಮತ್ತೆ ತೆರೆಯದಂತೆ ನೋಡಿಕೊಳ್ಳಿ ಎಂದನಂತೆ.

ಇಂಜಿನಿಯರಿಗೆ ಲೈನ್ ಎಂದರೆ ತಂತಿ. ನಮ್ಮ ರೈಟರಿಗೆ ಲೈನ್ ಎಂದರೆ ತೋಟದ ಆಳುಗಳು ವಾಸವಿರುವ ಸಾಲುಮನೆ. ಸಂಜೆಯೊಳಗೆ ಅವರು ಲೈನಿನಿಂದ ಅಡಿಗೆಮನೆಯ ಹಿತ್ತಲಿಗೆ ಬರುವ ಗೇಟಿಗೆ ಬೀಗ ಜಡಿದು, ಕೆಲಸವಿಲ್ಲದೆ ಯಾರೂ ಈ ಕಡೆ ಸುಳಿಯಕೂಡದೆಂದು ಮನೆಮನೆಗೂ ಹೇಳಿ ಬಂದರು.

ಮರುದಿನ ಕೋಣೆ ಕೋಣೆಯಲ್ಲೂ ಬಿಸಿನೀರು. ಸಾಹುಕಾರರು ಮಂಗಳೂರಿನಿಂದ ಫೋನ್ ಮಾಡಿ ಹೊಗಳಿದರು. ನನ್ನದೇನೂ ಇಲ್ಲದಿದ್ದರೂ ನಾನು ಬೀಗಿದೆ. ಹಂಡೆಯ ಹತ್ತಿರ ಹೋದಾಗಲೇ ಏನೋ ಸರಿಯಿಲ್ಲ ಎನಿಸಿದ್ದು. ಲೈನಿನಲ್ಲಿ ಒಬ್ಬ ಹಸಿ ಬಾಣಂತಿಯಿದ್ದಳು. ಮಳೆಗಾಲದಲ್ಲಿ ಅಲ್ಲಿ ಸೌದೆ ಹತ್ತುವುದಿಲ್ಲ. ಅವಳ ಅತ್ತೆ ದಿನಾ ಬೆಳಿಗ್ಗೆ ತಾಯಿ ಮಗುವಿನ ಸ್ನಾನಕ್ಕೆ ನಮ್ಮ ಹಂಡೆಯಿಂದಲೇ ನೀರು ಒಯ್ಯುತ್ತಿದ್ದಳು. ಅಂದು ಬಂದಿರಲಿಲ್ಲ.

ರೈಟರನ್ನು ಕರೆಸಿ ಕೇಳಿದೆ. ಲೈನ್ ಬೇರೆ ಮಾಡಿ ಅಂತ ಇಂಜಿನಿಯರೇ ಹೇಳಿದ್ದಲ್ಲವೇ ಎಂದು ಅವರು ನನ್ನನ್ನೇ ಕೇಳಿದರು. ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಬೀಗ ತೆಗೆಸಿ, ಬಿಸಿನೀರು ಹೊರಿಸಿಕೊಂಡು ಲೈನಿಗೆ ಹೋದೆ. ಮುದುಕಿ ಹಸಿ ಸೌದೆ ಊದುತ್ತ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಒಲೆಯ ಮೇಲಿನ ನೀರು ಉಗುರುಬೆಚ್ಚಗೂ ಆಗಿರಲಿಲ್ಲ. ಒಳಗೆ ಮಗು ಅಳುತ್ತಿತ್ತು. ತಂತಿ, ರೂಟರು, ರೈಟರ ಕಿವಿ ಎಂದೆಲ್ಲ ವಿವರಿಸಿದೆ. ಇಂಥ ತಲೆಬುಡವಿಲ್ಲದ ಮಾತನ್ನು ನಂಬುವ ಮೊದಲು ಒಂದು ಸಲ ಬಂದು ಕೇಳಬಾರದಿತ್ತೇ ಎಂದು ಅವಳನ್ನೇ ಗದರಿದೆ.

ಅವಳು ಊದುಗೊಳವೆ ಕೆಳಗಿಟ್ಟಳು.

"ಕೇಳೋದೇನೈತೆ ಸಾಮಿ? ನೀವುಗಳು ಹೇಳೋ ಮಾತಿನಂಗೇ ಇತ್ತು. ನಂಬ್ಬುಟ್ವಿ."